ಕಿರ್ದಿಯಿಂದ ಖತಾವಣಿಗೆ, ಗುಮಾಸ್ತನಿಲ್ಲದೆ

ಅಡತಿ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಿದ ಹಳಬರನ್ನು ಮಾತಿಗೆಳೆದರೆ ಎರಡು ಪುಸ್ತಕಗಳ ಹೆಸರು ಬಂದೇ ಬರುತ್ತದೆ, ಕಿರ್ದಿ ಮತ್ತು ಖತಾವಣಿ. ದಿನದ ವ್ಯವಹಾರ ನಡೆದ ಹಾಗೇ ಕಿರ್ದಿಗೆ ಇಳಿಯುತ್ತದೆ. ಇಂಥವರ ಶೇಂಗಾ ಇಷ್ಟು ಚೀಲ, ಇಂಥವರಿಗೆ ಮುಂಗಡ ಇಷ್ಟು. ಆಮೇಲೆ ಅದನ್ನೇ ಒಬ್ಬೊಬ್ಬ ರೈತನ ಖಾತೆಗೆ ಎತ್ತಿ ಬರೆಯಬೇಕು. ಬರೆದಾದ ಮೇಲೆ ಕಿರ್ದಿಯ ಸಾಲಿನ ಪಕ್ಕ ಒಂದು ಗುರುತು. ಗುರುತು ಹಾಕುವುದು ಮರೆತರೆ ಅದೇ ಮುಂಗಡ ಎರಡು ಸಲ ಏರುತ್ತದೆ, ಜಗಳ ಅಂಗಡಿಯ ಕಟ್ಟೆಗೆ ಬರುತ್ತದೆ.

ಇಮೇಲ್ ಗುಂಪೂ ಗ್ರಾಹಕರ ಲೆಕ್ಕ ಇಡುವ ಸಿಆರ್‌ಎಂ ತಂತ್ರಾಂಶವೂ ಇದೇ ಜೋಡಿ. ಗುಂಪಿಗೆ ಯಾರು ಯಾವಾಗ ಬೇಕಾದರೂ ಬರೆಯುತ್ತಾರೆ. ಸಿಆರ್‌ಎಂನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ. ಒಂದರಿಂದ ಇನ್ನೊಂದಕ್ಕೆ ಹೆಸರು, ವಿಳಾಸ, ಕೇಳಿದ ವಿಷಯಗಳನ್ನು ಎತ್ತಿ ಹಾಕುವ ಕೆಲಸಕ್ಕೆ ಎಷ್ಟೋ ಕಚೇರಿಗಳಲ್ಲಿ ಇವತ್ತಿಗೂ ಒಬ್ಬ ಹುಡುಗನೋ ಹುಡುಗಿಯೋ ಕೂತಿರುತ್ತಾರೆ. ಕೋಡ್ ಬರೆಯಲು ಬಾರದವರೂ ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು ಎಂದು ಗೊತ್ತಾದದ್ದು ಹೇಗೆ ಎಂಬುದೇ ಇಲ್ಲಿನ ಕತೆ.

ಇಮೇಲ್ ಗುಂಪಿನ ಮೊದಲ ಗುಮಾಸ್ತ ಮನುಷ್ಯನೇ. 1980ರ ದಶಕದ ನಡುವೆ ಅಮೆರಿಕದ ವಿಶ್ವವಿದ್ಯಾಲಯಗಳನ್ನು ಬೆಸೆದಿದ್ದ ಬಿಟ್‌ನೆಟ್ ಜಾಲದಲ್ಲಿ ಒಂದು ಪಟ್ಟಿಗೆ ಸೇರಬೇಕೆಂದರೆ ಜಾಲದ ಮಾಹಿತಿ ಕೇಂದ್ರಕ್ಕೆ ಬರೆದು ಕೇಳಿಕೊಳ್ಳಬೇಕಿತ್ತು. ಅಲ್ಲಿದ್ದವರು ಪುರುಸೊತ್ತಾದಾಗ ಹೆಸರು ಸೇರಿಸುತ್ತಿದ್ದರು. ಪ್ಯಾರಿಸ್ಸಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಎರಿಕ್ ಥಾಮಸ್ 1986ರಲ್ಲಿ ಲಿಸ್ಟ್‌ಸರ್ವ್ ಬರೆದ ಮೇಲೆ ಆ ಕಾಯುವಿಕೆ ತಪ್ಪಿತು. ಸೇರುವೆ ಎಂದು ಒಂದು ಸಾಲು ಕಳಿಸಿದರೆ ತಂತ್ರಾಂಶವೇ ಹೆಸರು ಬರೆದುಕೊಳ್ಳುತ್ತಿತ್ತು. ಒಂದು ಪುಸ್ತಕ ಹೀಗೆ ತನ್ನನ್ನು ತಾನೇ ಬರೆದುಕೊಳ್ಳುವುದನ್ನು ಕಲಿಯಿತು. ಇನ್ನೊಂದು ಪುಸ್ತಕದ ಸುದ್ದಿ ಮಾತ್ರ ಅದಕ್ಕಿರಲಿಲ್ಲ.

ಆ ಇನ್ನೊಂದು ಬೆಳೆದದ್ದು ಬೇರೆ ಓಣಿಯಲ್ಲಿ. 1999ರಲ್ಲಿ ಶುರುವಾದ ಸೇಲ್ಸ್‌ಫೋರ್ಸ್ ಗ್ರಾಹಕರ ಪಟ್ಟಿಯನ್ನು ಕಂಪನಿಯ ಕಂಪ್ಯೂಟರಿನಿಂದ ಅಂತರ್ಜಾಲಕ್ಕೆ ಎತ್ತಿತು. ಚೆನ್ನೈ ಮೂಲದ ಜೋಹೊ 2005ರಲ್ಲಿ ತನ್ನ ಸಿಆರ್‌ಎಂ ತಂದಿತು. ಇಂಥ ತಂತ್ರಾಂಶಗಳ ಜೊತೆಗೇ ಎಪಿಐ ಬಂತು. ಬೇರೊಂದು ತಂತ್ರಾಂಶ ಕೇಳಿದ್ದಕ್ಕೆ ಉತ್ತರ ಕೊಡುವ, ಹೇಳಿದ್ದನ್ನು ಬರೆದುಕೊಳ್ಳುವ ಏರ್ಪಾಡು ಅದು. ಏರ್ಪಾಡೇನೋ ಆಯಿತು, ಅದನ್ನು ಬಳಸಲು ಪ್ರೋಗ್ರಾಮರ್ ಬೇಕು. ಸಣ್ಣ ಸಂಸ್ಥೆಗೆ ಪ್ರೋಗ್ರಾಮರ್ ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಸಿಲಿಕಾನ್ ವ್ಯಾಲಿಯಲ್ಲಲ್ಲ, ಮಿಸೌರಿ ರಾಜ್ಯದ ಕೊಲಂಬಿಯಾ ಎಂಬ ಊರಿನಲ್ಲಿ. ವೇಡ್ ಫಾಸ್ಟರ್, ಬ್ರಯಾನ್ ಹೆಲ್ಮಿಗ್ ಕೆಲಸದ ಜೊತೆಗೆ ಹೊರಗಿನವರಿಗೂ ಸಣ್ಣಪುಟ್ಟ ತಂತ್ರಾಂಶ ಮಾಡಿಕೊಡುತ್ತಿದ್ದರು. ಅದನ್ನು ಇದಕ್ಕೆ ಜೋಡಿಸಿ ಕೊಡಿ, ಇಲ್ಲಿ ಬಂದ ಹಣದ ಲೆಕ್ಕ ಅಲ್ಲಿಗೆ ಹೋಗಬೇಕು ಎಂಬಂಥ ಬೇಡಿಕೆಗಳು ಮತ್ತೆಮತ್ತೆ ಬರುತ್ತಿದ್ದವು. ಹೆಸರಾಂತ ತಂತ್ರಾಂಶಗಳ ಗ್ರಾಹಕರು ಅಹವಾಲು ಹೇಳಿಕೊಳ್ಳುವ ಕಡೆ ನೋಡಿದರೆ ಅಲ್ಲಿಯೂ ಇದೇ ಗೋಳು. ಪ್ರತಿ ಜೋಡಿಗೂ ಹೊಸದಾಗಿ ಕೋಡ್ ಬರೆಯುವ ಬದಲು, ಬಳಸುವವರೇ ಪಟ್ಟಿಯಿಂದ ಆರಿಸಿ ಜೋಡಿಸಿಕೊಳ್ಳುವ ಹಾಗಾದರೆ? ಮೈಕ್ ಕ್ನೂಪ್ ಜೊತೆಗೂಡಿದರು. 2011ರಲ್ಲಿ ಊರಿನ ಒಂದು ಸ್ಟಾರ್ಟಪ್ ವಾರಾಂತ್ಯದಲ್ಲಿ ಮೊದಲ ಮಾದರಿ ಎದ್ದು ನಿಂತಿತು. ಅದೇ ಝೇಪಿಯರ್. ಹೊಸ ಕಂಪನಿಗಳಿಗೆ ಆಸರೆಯಾಗುವ ವೈ ಕಾಂಬಿನೇಟರ್ ಮೊದಲ ಸಲ ಬೇಡವೆಂದಿತು, 2012ರಲ್ಲಿ ಕರೆದುಕೊಂಡಿತು. ಈ ಕಂಪನಿಗೆ ಇವತ್ತಿಗೂ ಎಲ್ಲರೂ ಬಂದು ಕೂರುವ ಕಚೇರಿಯಿಲ್ಲ, ಮನೆಮನೆಯಿಂದಲೇ ಕೆಲಸ.

ಅವರು ಉಳಿಸಿಕೊಂಡದ್ದು ಎರಡೇ ಮಾತು: ಇಂಥದ್ದು ನಡೆದರೆ, ಇಂಥದ್ದು ಮಾಡು. ಮೊದಲನೆಯದು ಟ್ರಿಗರ್, ಎರಡನೆಯದು ಆ್ಯಕ್ಷನ್. ಈ ಆಲೋಚನೆ ಅವರದಷ್ಟೇ ಅಲ್ಲ. ಅದೇ ಹೊತ್ತಿಗೆ ಇಫ್ಟ್ ಎಂಬ ಸೇವೆಯೂ ಇದನ್ನೇ ಹಿಡಿದಿತ್ತು. ನಮ್ಮ ಎಪಿಎಂಸಿಗಳಿಗೆ 2014ರಲ್ಲಿ ಬಂದ ಏಕೀಕೃತ ಮಾರುಕಟ್ಟೆ ವೇದಿಕೆಯ ಒಳಗೂ ಇದೇ ನಡೆ ಇದೆ. ಟೆಂಡರ್ ಹೊತ್ತು ಮುಗಿದು ನಿಮ್ಮ ಲಾಟಿಗೆ ಹೆಚ್ಚಿನ ಧಾರಣೆ ಗೊತ್ತಾದರೆ ನಿಮ್ಮ ಮೊಬೈಲಿಗೆ ಎಸ್ಸೆಮ್ಮೆಸ್. ಅದನ್ನು ಜೋಡಿಸಿದವರು ಕೋಡ್ ಬಲ್ಲವರು, ಅಷ್ಟೇ ವ್ಯತ್ಯಾಸ.

ಇಷ್ಟರಲ್ಲಿ ಕೆಲಸ ಮುಗಿಯಿತು ಎನ್ನುವವರಿಗೆ ಗುಮಾಸ್ತನ ಗುರುತು ನೆನಪಿಲ್ಲ. ಜೋಡಿಸುವುದು ಸುಲಭ, ಹೊಸದು ಯಾವುದು ಎಂದು ಹೇಳುವುದೇ ಕಷ್ಟ. ಬಹಳಷ್ಟು ತಂತ್ರಾಂಶಗಳು ಏನಾದರೂ ನಡೆದರೆ ತಾವಾಗಿ ಕೂಗಿ ಹೇಳುವುದಿಲ್ಲ. ಹಾಗೆ ಕೂಗುವ ಕ್ರಮಕ್ಕೆ ಜೆಫ್ ಲಿಂಡ್ಸೆ 2007ರಲ್ಲಿ ವೆಬ್‌ಹುಕ್ ಎಂದು ಹೆಸರಿಟ್ಟರೂ ಎಲ್ಲರೂ ಅದನ್ನು ಒಪ್ಪಿಕೊಳ್ಳಲಿಲ್ಲ. ಆದ್ದರಿಂದ ನಡುವೆ ನಿಂತ ಯಂತ್ರವೇ ಆಗಾಗ ಹೋಗಿ ಇಣುಕಬೇಕು. ಝೇಪಿಯರಿನ ಉಚಿತ ಯೋಜನೆಯಲ್ಲಿ ಈ ಇಣುಕು 15 ನಿಮಿಷಕ್ಕೊಮ್ಮೆ. ಪ್ರತಿ ಸಲವೂ ಪಟ್ಟಿಯ ಇತ್ತೀಚಿನ ನಮೂದುಗಳು ಕಣ್ಣಿಗೆ ಬೀಳುತ್ತವೆ, ಹಿಂದೆ ನೋಡಿದ್ದೂ ಹೊಸದೂ ಒಟ್ಟಿಗೆ. ಹಾಗಾಗಿ ಅದು ಪ್ರತಿ ನಮೂದಿನ ಗುರುತು ಸಂಖ್ಯೆಯನ್ನು ತನ್ನ ಬಳಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಆ ಸಂಖ್ಯೆ ಕಂಡರೆ ದಾಟಿ ಹೋಗುತ್ತದೆ, ಕಾಣದ ಸಂಖ್ಯೆ ಸಿಕ್ಕರೆ ಮಾತ್ರ ಕೆಲಸ ಹಚ್ಚುತ್ತದೆ. ಮೊದಲ ಸಲ ಗುಂಡಿ ಒತ್ತಿದಾಗ ಅಲ್ಲಿರುವುದನ್ನೆಲ್ಲ ಸುಮ್ಮನೆ ಗುರುತು ಹಾಕಿಕೊಂಡು ಬರುತ್ತದೆ, ಏನೂ ಮಾಡುವುದಿಲ್ಲ. ಹಾಗಿಲ್ಲದಿದ್ದರೆ ಆಗಲೇ ಅಲ್ಲಿದ್ದ ಹಳೆಯ ಪತ್ರಗಳು ಒಮ್ಮೆಲೇ ಸಿಆರ್‌ಎಂಗೆ ಸುರಿಯುತ್ತಿದ್ದವು. ನನ್ನ ಮಟ್ಟಿಗೆ ಇಡೀ ಏರ್ಪಾಡಿನ ಜಾಣತನ ಇರುವುದು ಈ ನೆನಪಿನಲ್ಲಿ.

ಈಗ ಇಮೇಲ್ ಗುಂಪನ್ನು ಜೋಡಿಸಿ ನೋಡೋಣ. ಜಿಮೇಲ್‌ನ ಹುಡುಕು ಜಾಗದಲ್ಲಿ ಗುಂಪಿನ ವಿಳಾಸ ಕೊಟ್ಟು, ಈ ಹುಡುಕಾಟಕ್ಕೆ ಹೊಂದುವ ಹೊಸ ಪತ್ರ ಬಂದರೆ ಎಂಬುದನ್ನು ಟ್ರಿಗರ್ ಮಾಡುವುದು. ಕಳಿಸಿದವರ ಇಮೇಲ್ ವಿಳಾಸವನ್ನು ಸಿಆರ್‌ಎಂನಲ್ಲಿ ಹುಡುಕು, ಸಿಗದಿದ್ದರೆ ಹೊಸದಾಗಿ ಸೇರಿಸು ಎಂಬುದು ಆ್ಯಕ್ಷನ್. ಚೆನ್ನಾಗಿ ನಡೆಯುತ್ತದೆ. ಸ್ವಲ್ಪ ದಿನದಲ್ಲಿ ಸಿಆರ್‌ಎಂ ತೆರೆದು ನೋಡಿದರೆ ಒಬ್ಬನೇ ಗ್ರಾಹಕ ಹತ್ತಾರು ಜನರ ಮಾತು ಆಡಿರುತ್ತಾನೆ!

ಕಾರಣಕ್ಕೆ 2014ರ ಏಪ್ರಿಲ್‌ಗೆ ಹೋಗಬೇಕು. ಹುಸಿ ಹೆಸರಿನ ಪತ್ರಗಳ ಕಾಟ ತಡೆಯಲು ಯಾಹೂ ಡಿಮಾರ್ಕ್ ಎಂಬ ನಿಯಮವನ್ನು ಬಿಗಿ ಮಾಡಿತು. ಯಾಹೂ ವಿಳಾಸ ಹೊತ್ತ ಪತ್ರ ಯಾಹೂವಿನಿಂದ ಹೊರಟಿದ್ದೆಂದು ರುಜುವಾಗದಿದ್ದರೆ ತಿರಸ್ಕರಿಸಿ ಎಂದು ಜಗತ್ತಿಗೇ ಹೇಳಿತು. ಇಮೇಲ್ ಗುಂಪು ಮಾಡುವುದಾದರೂ ಏನು? ಸದಸ್ಯರ ಪತ್ರವನ್ನು ಅವರದೇ ಹೆಸರಿನಲ್ಲಿ ತಾನು ಹಂಚುವುದು, ಜೊತೆಗೆ ಕೆಳಗೆ ತನ್ನದೊಂದು ಸಾಲು ಸೇರಿಸುವುದು. ರಾತ್ರಿ ಬೆಳಗಾಗುವುದರಲ್ಲಿ ಗುಂಪುಗಳ ಪತ್ರಗಳು ವಾಪಸು ಬರತೊಡಗಿದವು. ಗುಂಪು ನಡೆಸುವ ಸೇವೆಗಳು ಕಂಡುಕೊಂಡ ದಾರಿಯೆಂದರೆ, ಇಂಥ ಪತ್ರಗಳ ಫ್ರಮ್ ಸಾಲಿನಲ್ಲಿ ಸದಸ್ಯರ ಹೆಸರಿನ ಪಕ್ಕ ಗುಂಪಿನದೇ ವಿಳಾಸ ಬರೆಯುವುದು. ಗೂಗಲ್ ಗ್ರೂಪ್ಸ್ ಮಾಡುವುದೂ ಇದನ್ನೇ. ಓದುವ ಮನುಷ್ಯನಿಗೆ ತೊಂದರೆಯಿಲ್ಲ, ಹೆಸರು ಕಾಣುತ್ತದೆ. ವಿಳಾಸವನ್ನಷ್ಟೇ ನಂಬುವ ಯಂತ್ರಕ್ಕೆ ಎಲ್ಲರೂ ಒಬ್ಬರೇ. ಮೂಲ ವಿಳಾಸ ಪತ್ರದ ತಲೆಬರಹದ ಬೇರೆ ಸಾಲಿನಲ್ಲಿ ಉಳಿದಿರುತ್ತದೆ, ಅದನ್ನು ಆರಿಸಿ ಕೊಡುವುದು ಜೋಡಿಸುವವರ ಕೆಲಸ.

ಇನ್ನೊಂದು ಅಪಾಯ ಸುತ್ತು. ಸಿಆರ್‌ಎಂಗೆ ಹೊಸಬರು ಸೇರಿದರೆ ಸ್ವಾಗತದ ಪತ್ರ ಗುಂಪಿಗೂ ಹೋಗಲಿ ಎಂದು ಯಾರೋ ಉತ್ಸಾಹಿ ಇಟ್ಟುಕೊಂಡರು ಅನ್ನಿ. ಗುಂಪಿಗೆ ಬಿದ್ದ ಆ ಪತ್ರವೂ ಹೊಸದೇ, ಯಂತ್ರಕ್ಕೆ ಮತ್ತೆ ಕೆಲಸ. ರಜೆಯಲ್ಲಿದ್ದೇನೆ ಎಂಬ ತಾನೇತಾನಾದ ಉತ್ತರಗಳು ಗುಂಪಿನಲ್ಲಿ ಒಂದಕ್ಕೊಂದು ಉತ್ತರಿಸುತ್ತಾ ಹೋಗುವ ಪಜೀತಿ ಇಮೇಲ್ ಗುಂಪಿನಷ್ಟೇ ಹಳೆಯದು. ಯಂತ್ರ ಬರೆದ ಪತ್ರ ಇದು ಎಂದು ಹೇಳುವ ಗುರುತಿನ ಸಾಲನ್ನು ಅದಕ್ಕಾಗಿಯೇ 2004ರಲ್ಲಿ ಗೊತ್ತುಮಾಡಿದರು. ಆ ಸಾಲಿದ್ದರೆ ಮುಟ್ಟಬೇಡ ಎಂಬ ಫಿಲ್ಟರ್ ಮರೆಯಬಾರದು. ಗುಂಪಿಗೆ ಸೇರಿದವರೆಲ್ಲ ಮಾರಾಟದ ಪತ್ರಕ್ಕೂ ಒಪ್ಪಿದ್ದಾರೆ ಎಂದು ತಿಳಿಯುವುದೂ ತಪ್ಪು. 2023ರ ದತ್ತಾಂಶ ರಕ್ಷಣೆ ಕಾಯ್ದೆ ಬಂದ ಮೇಲೆ ಅದು ಬರೀ ಮರ್ಯಾದೆಯ ಪ್ರಶ್ನೆಯಾಗಿ ಉಳಿದಿಲ್ಲ.

ಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆಯ ಪಟ್ಟಿ ಜೋಡಿಸುವವರಿಗೆ ಮತ್ತೊಂದು ಗಂಟು ಕಾದಿರುತ್ತದೆ. ಸೇಲ್ಸ್‌ಫೋರ್ಸ್ ಆಗಲಿ ಜೋಹೊ ಆಗಲಿ, ಸಂಪರ್ಕದ ಪುಟದಲ್ಲಿ ಲಾಸ್ಟ್ ನೇಮ್ ಖಾಲಿ ಬಿಡಲು ಬಿಡುವುದಿಲ್ಲ. ಕೊಟ್ಟೂರೇಶ್ವರನ ಸೀಮೆಯಲ್ಲಿ ಕೊಟ್ರೇಶ ಎಂದಷ್ಟೇ ಬರೆದುಕೊಂಡವರಿಗೆ ಲಾಸ್ಟ್ ನೇಮ್ ಎಲ್ಲಿಂದ ತರುವುದು? ಯಂತ್ರ ಅಲ್ಲಿಗೇ ನಿಂತು ದೋಷ ತೋರಿಸುತ್ತದೆ. ಪೂರ್ತಿ ಹೆಸರನ್ನೇ ಲಾಸ್ಟ್ ನೇಮ್ ಜಾಗಕ್ಕೆ ತುಂಬಿ, ಮೊದಲ ಹೆಸರಿನ ಜಾಗ ಖಾಲಿ ಬಿಟ್ಟರೆ ದಾಟುತ್ತದೆ. ಹುಡುಕಲು ಮಾತ್ರ ಹೆಸರು ಬೇಡ, ಇಮೇಲ್ ವಿಳಾಸವೇ ಇರಲಿ, ಸಿಕ್ಕರೆ ಮೊಬೈಲ್ ನಂಬರೂ ಇರಲಿ. ಕೊಟ್ರೇಶ ಎಂದು ಹುಡುಕಿದರೆ ಈ ಕಡೆಯ ದೊಡ್ಡ ಪಟ್ಟಿಯಲ್ಲಿ ಒಬ್ಬರೇ ಸಿಗುವುದು ಕಡಿಮೆ.