ಸ್ವೆಟರ್ ಮಾದರಿಯ ಹಿಂದಿನ ಕೈಗಳು

1950ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿದ್ದ ಎಲಿಜಬೆತ್ ಜಿಮ್ಮರ್‌ಮನ್ ಎಂಬ ಇಂಗ್ಲೆಂಡ್ ಮೂಲದ ಗೃಹಿಣಿ ಸ್ವೆಟರ್ ಒಂದನ್ನು ಹೆಣೆದು, ಹೆಣೆಯುವ ಕ್ರಮವನ್ನೂ ಬರೆದು ಮಹಿಳಾ ಪತ್ರಿಕೆಗೆ ಕೊಟ್ಟರು. ಸುತ್ತು ಸುತ್ತಾಗಿ ಒಂದೇ ಸಮನೆ ಹೆಣೆದುಕೊಂಡು ಹೋಗುವುದು ಅವರ ಪದ್ಧತಿ. ಪಕ್ಕೆಗಳಲ್ಲಿ ಹೊಲಿಯುವ ಕೆಲಸವೇ ಇಲ್ಲ. ಪತ್ರಿಕೆಯವರಿಗೆ ಸ್ವೆಟರ್ ಹಿಡಿಸಿತು, ಕ್ರಮ ಹಿಡಿಸಲಿಲ್ಲ. ಆ ಕಾಲದ ವಾಡಿಕೆಯಂತೆ ಬೆನ್ನು, ಎದೆ ಬೇರೆ ಬೇರೆಯಾಗಿ ಹೆಣೆದು ಜೋಡಿಸುವ ಹಾಗೆ ತಿದ್ದಿ ಅಚ್ಚು ಹಾಕಿಬಿಟ್ಟರು. ತನ್ನ ಹೆಸರಿನಲ್ಲಿ ತನ್ನದಲ್ಲದ ವಿಧಾನ ಪ್ರಕಟವಾದದ್ದು ಜಿಮ್ಮರ್‌ಮನ್ ಅವರಿಗೆ ಸಹಿಸಲಾಗಲಿಲ್ಲ. 1958ರಲ್ಲಿ ಸ್ವಂತ ಪತ್ರಿಕೆಯೊಂದನ್ನು ಆರಂಭಿಸಿ, ತಮ್ಮ ಮಾದರಿಗಳನ್ನು ತಾವೇ ಬರೆದು ಅಂಚೆಯಲ್ಲಿ ಓದುಗರಿಗೆ ಕಳಿಸತೊಡಗಿದರು. ಮರುವರ್ಷ ‘ಸ್ಕೂಲ್‌ಹೌಸ್ ಪ್ರೆಸ್’ ಹುಟ್ಟಿತು. ಅವರು ವಾಸವಿದ್ದದ್ದು ಹಳೆಯ ಶಾಲಾ ಕಟ್ಟಡವೊಂದರಲ್ಲಿ. ಪ್ರಕಾಶನಕ್ಕೆ ಆ ಹೆಸರು ಬಂದದ್ದು ಹಾಗೆ.

ಇಂದು ಇಂಟರ್ನೆಟ್‌ನಲ್ಲಿ ಸಾವಿರಾರು ಮಂದಿ ಮಾಡುತ್ತಿರುವುದು ಇದನ್ನೇ. ನೂಲಿನ ಕಂಪನಿಯ ನೌಕರಿಯಲ್ಲಿರದೆ, ಪತ್ರಿಕೆಯ ಮರ್ಜಿ ಕಾಯದೆ, ಸ್ವೆಟರ್, ಶಾಲು, ಕಾಲುಚೀಲ, ಟೋಪಿಗಳ ಮಾದರಿಗಳನ್ನು ತಾವೇ ರೂಪಿಸಿ, ಬರೆದು, ಪಿಡಿಎಫ್ ಮಾಡಿ ನೇರವಾಗಿ ಹೆಣೆಯುವವರಿಗೆ ಮಾರುವ ಇವರು ಸ್ವತಂತ್ರ ನಿಟ್ಟಿಂಗ್ ಡಿಸೈನರ್‌ಗಳು. ಇವರಲ್ಲಿ ಬಹುಪಾಲು ಹೆಂಗಸರು. ಮಕ್ಕಳು ಮಲಗಿದ ಮೇಲೆ, ನೌಕರಿ ಮುಗಿದ ಮೇಲೆ ಈ ಕೆಲಸ ಹಿಡಿಯುವವರೇ ಹೆಚ್ಚು. ಇದರಲ್ಲೇ ಬದುಕು ಕಟ್ಟಿಕೊಂಡವರು ಕೆಲವರಷ್ಟೇ. ಬೆಲೆ ಸಾಮಾನ್ಯವಾಗಿ ಐದರಿಂದ ಹತ್ತು ಡಾಲರ್. ನಾಲ್ಕೈದು ಪುಟದ ಪಿಡಿಎಫ್‌ಗೆ ಇಷ್ಟು ದುಡ್ಡೇ ಎಂದು ಮೂಗು ಮುರಿಯುವ ಮೊದಲು ಆ ಪುಟಗಳಲ್ಲಿ ಏನಿರುತ್ತದೆ ಎಂದು ನೋಡಬೇಕು.

ಒಂದು ಸಣ್ಣ ಲೆಕ್ಕ. ಹತ್ತು ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ ಬೀಳುವ ನೂಲಿನಲ್ಲಿ ನೂರು ಸೆಂಟಿಮೀಟರ್ ಎದೆಸುತ್ತಿನ ಸ್ವೆಟರ್‌ಗೆ 220 ಕುಣಿಕೆ ಬೇಕು. ಹೆಣೆಯುವವರ ಕೈ ಸ್ವಲ್ಪ ಸಡಿಲವಾಗಿ, ಹತ್ತು ಸೆಂಟಿಮೀಟರಿಗೆ 20 ಕುಣಿಕೆಯಷ್ಟೇ ಬಿದ್ದರೆ ಅದೇ 220 ಕುಣಿಕೆಗಳ ಸ್ವೆಟರ್ 110 ಸೆಂಟಿಮೀಟರ್ ಆಗುತ್ತದೆ. ತಿಂಗಳುಗಟ್ಟಲೆ ದುಡಿದು ಹೆಣೆದದ್ದು ಮೈಮೇಲೆ ಜೋಲಾಡುತ್ತದೆ. ಅದಕ್ಕೇ ಒಳ್ಳೆಯ ಮಾದರಿಯ ಮೊದಲ ಪುಟದಲ್ಲೇ ಹತ್ತು ಸೆಂಟಿಮೀಟರಿಗೆ ಎಷ್ಟು ಕುಣಿಕೆ ಎಂಬ ಲೆಕ್ಕ ಇರುತ್ತದೆ. ಜೊತೆಗೆ ಕಡ್ಡಿ ಎಷ್ಟು ಮಿಲಿಮೀಟರಿನದು, ನೂಲು ಎಷ್ಟು ಮೀಟರ್ ಬೇಕು, ಉಡುಪು ಮುಗಿದಾಗ ತೋಳು, ಕಂಕುಳು, ಉದ್ದ ಎಷ್ಟಿರುತ್ತವೆ ಎಂಬ ನಕ್ಷೆ ಇರುತ್ತದೆ. ಇದು ಒಂದು ಅಳತೆಯ ಮಾತಾಯಿತು. ಈಗಿನ ಡಿಸೈನರ್‌ಗಳು ಒಂದೇ ಸ್ವೆಟರನ್ನು ಎಂಟು, ಒಂಬತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಅಳತೆಗಳಿಗೆ ಬರೆಯುತ್ತಾರೆ. ಎದೆಸುತ್ತು ಹೆಚ್ಚಿದಷ್ಟೇ ಪ್ರಮಾಣದಲ್ಲಿ ಭುಜವಾಗಲಿ ಕುತ್ತಿಗೆಯಾಗಲಿ ಅಗಲವಾಗುವುದಿಲ್ಲ. ಆದ್ದರಿಂದ ಪ್ರತಿ ಅಳತೆಗೂ ಕಂಕುಳು, ತೋಳುಗಳ ಲೆಕ್ಕವನ್ನು ಬೇರೆಯಾಗಿಯೇ ಹಾಕಬೇಕು, ಹೂವಿನ ಅಥವಾ ಹೆಣಿಗೆಯ ವಿನ್ಯಾಸ ಎಲ್ಲ ಅಳತೆಗಳಲ್ಲೂ ಅರ್ಧಕ್ಕೆ ಕಡಿಯದಂತೆ ಕೂಡಿಸಬೇಕು.

ಬರೆದದ್ದು ಹಾಗೇ ಮಾರಾಟಕ್ಕೆ ಹೋಗುವುದಿಲ್ಲ. ಟೆಕ್ನಿಕಲ್ ಎಡಿಟರ್ ಎಂಬ ಪರಿಣತರು ಸಾಲು ಸಾಲಾಗಿ ಲೆಕ್ಕ ಪರಿಶೀಲಿಸುತ್ತಾರೆ. ಅವರಿಗೆ ಗಂಟೆಯ ಲೆಕ್ಕದಲ್ಲಿ ಸಂಭಾವನೆ. ಬಳಿಕ ಬೇರೆ ಬೇರೆ ಮೈಕಟ್ಟಿನ ಹೆಣೆಯುವವರು ಇಡೀ ಉಡುಪನ್ನು ಹೆಣೆದು ನೋಡಿ ಎಲ್ಲಿ ಎಡವಿದೆವು ಎಂದು ಹೇಳುತ್ತಾರೆ. ಛಾಯಾಗ್ರಹಣ, ಪುಟವಿನ್ಯಾಸ, ಕೊಂಡವರ ಪ್ರಶ್ನೆಗಳಿಗೆ ವರ್ಷಾನುಗಟ್ಟಲೆ ಉತ್ತರ, ಎಲ್ಲವೂ ಆ ಐದು-ಹತ್ತು ಡಾಲರ್‌ನಲ್ಲೇ ಆಗಬೇಕು.

ಈ ಡಿಸೈನರ್‌ಗಳು ಒಂದೆಡೆ ಸೇರುವ ಕಟ್ಟೆಯೊಂದು ಬೇಕಿತ್ತು. ಕೆನಡಾದ ಟೊರಾಂಟೊದಲ್ಲಿ ಏಮಿ ಸಿಂಗರ್ 2002ರಲ್ಲಿ ‘ನಿಟ್ಟಿ’ ಎಂಬ ಉಚಿತ ಆನ್‌ಲೈನ್ ಪತ್ರಿಕೆ ಆರಂಭಿಸಿದರು. ಓದುಗರಿಗೆ ಪುಕ್ಕಟೆ, ಡಿಸೈನರ್‌ಗೆ ಸಂಭಾವನೆ. ಖರ್ಚು ನೀಗಿದ್ದು ಜಾಹೀರಾತುಗಳಿಂದ. ಹೆಸರೇ ಕೇಳದವರು ಅಲ್ಲಿಂದ ರಾತ್ರೋರಾತ್ರಿ ಜನಪ್ರಿಯರಾದರು. ಕೇಟ್ ಗಿಲ್ಬರ್ಟ್ ಅವರ ‘ಕ್ಲಾಪೋಟಿ’ ಎಂಬ ಶಾಲು 2004ರಲ್ಲಿ ‘ನಿಟ್ಟಿ’ಯಲ್ಲಿ ಬಂತು. ಹೆಣೆಯುತ್ತ ಹೋಗಿ ಕೆಲವು ಕುಣಿಕೆಗಳನ್ನು ಬೇಕೆಂದೇ ಕಡ್ಡಿಯಿಂದ ಜಾರಿಸಿಬಿಡುವುದು ಅದರ ಚಮತ್ಕಾರ. ಹೆಣೆಯುವವರು ಜೀವಮಾನವಿಡೀ ಹೆದರುವುದು ಕುಣಿಕೆ ಜಾರುವುದಕ್ಕೇ. ಅದನ್ನೇ ಸೊಗಸು ಮಾಡಿದ ಈ ಶಾಲನ್ನು ಜಗತ್ತಿನಾದ್ಯಂತ ಸಾವಿರ ಸಾವಿರ ಮಂದಿ ಹೆಣೆದರು.

2007ರಲ್ಲಿ ಅಮೆರಿಕದ ಬಾಸ್ಟನ್‌ನ ಫೋರ್ಬ್ಸ್ ದಂಪತಿ ‘ರಾವೆಲ್ರಿ’ ಎಂಬ ತಾಣ ತೆರೆದ ಮೇಲೆ ಚಿತ್ರವೇ ಬದಲಾಯಿತು. ಹೆಣೆಯುವವರ ಪಾಲಿಗೆ ಅದು ಗ್ರಂಥಾಲಯದ ಸೂಚಿಯೂ ಹೌದು, ದಿನಚರಿಯೂ ಹೌದು, ಸಂತೆಯೂ ಹೌದು. ಮನೆಯಲ್ಲಿ ಇರುವ ನೂಲು ನಾನೂರು ಮೀಟರ್, ಹೆಣೆಯಬೇಕಾದದ್ದು ಮಗುವಿನ ಟೋಪಿ, ಕಡ್ಡಿ ನಾಲ್ಕು ಮಿಲಿಮೀಟರಿನದು ಎಂದು ತಿಳಿಸಿದರೆ ಅದಕ್ಕೆ ಹೊಂದುವ ಮಾದರಿಗಳನ್ನೆಲ್ಲ ಹೆಕ್ಕಿ ಕೊಡುತ್ತದೆ. ಹೊಸ ಡಿಸೈನರ್ ಒಬ್ಬರನ್ನು ಕಂಡುಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಅಲ್ಲಿಯೂ ಮೊದಲ ಪುಟಕ್ಕೆ ಬರುವುದು ಆಗಲೇ ಹೆಸರಾದವರ ಮಾದರಿಗಳೇ. ಜನಪ್ರಿಯತೆಯ ಪಟ್ಟಿ ಬಿಟ್ಟು ಹತ್ತಿಪ್ಪತ್ತು ಪುಟ ಒಳಗೆ ಹೋದವರಿಗೆ ನಿಜವಾದ ನಿಧಿ ಸಿಗುತ್ತದೆ.

ಹುಡುಕುವಾಗ ಡಿಸೈನರ್ ಹಾಕಿದ ಫೋಟೊಗಿಂತ, ಆ ಮಾದರಿಯನ್ನು ಹೆಣೆದ ಬೇರೆಯವರ ಫೋಟೊಗಳನ್ನು ನೋಡಬೇಕು. ತಮ್ಮಂಥದೇ ಮೈಕಟ್ಟಿನವರು ಹಾಕಿಕೊಂಡಾಗ ಹೇಗೆ ಕಾಣುತ್ತದೆ, ಕುತ್ತಿಗೆ ಸಡಿಲವಾಯಿತೆ, ನೂಲು ಎಷ್ಟು ತಗುಲಿತು, ಎಲ್ಲಿ ತಿದ್ದಿಕೊಂಡರು ಎಂಬುದನ್ನು ಹೆಣೆದವರು ಅಲ್ಲೇ ಬರೆದಿಟ್ಟಿರುತ್ತಾರೆ. ತಪ್ಪು ಕಂಡುಬಂದಾಗ ಡಿಸೈನರ್ ತಿದ್ದುಪಡಿ ಪ್ರಕಟಿಸಿದ್ದಾರೆಯೆ ಎಂದೂ ನೋಡಬಹುದು. ತಿದ್ದುಪಡಿ ಇರುವುದು ಕುಂದಲ್ಲ, ಜವಾಬ್ದಾರಿಯ ಗುರುತು.

2020ರಲ್ಲಿ ‘ರಾವೆಲ್ರಿ’ ತನ್ನ ಪುಟಗಳ ರೂಪ ಬದಲಿಸಿದಾಗ ಹೊಸ ರೂಪದಿಂದ ತಲೆನೋವು, ಮೈಗ್ರೇನ್ ಬರುತ್ತಿದೆ ಎಂದು ಅನೇಕ ಬಳಕೆದಾರರು ದೂರಿದರು. ಅದರ ನಂತರ ಹಲವು ಡಿಸೈನರ್‌ಗಳು ಒಂದೇ ಕಡೆ ನೆಚ್ಚಿಕೊಳ್ಳುವುದನ್ನು ಬಿಟ್ಟು ಸ್ವಂತ ವೆಬ್‌ಸೈಟ್, ಎಟ್ಸಿ, ಪೇಹಿಪ್, ಲವ್‌ಕ್ರಾಫ್ಟ್ಸ್‌ಗಳಲ್ಲೂ ಮಾದರಿಗಳನ್ನು ಇಟ್ಟರು. ಹಾಗಾಗಿ ಈಗ ಇಷ್ಟವಾದ ಡಿಸೈನರ್ ಹೆಸರು ಸಿಕ್ಕ ಕೂಡಲೇ ಅವರ ಸ್ವಂತ ತಾಣ ಇದೆಯೇ ಎಂದು ನೋಡುವುದು ಒಳ್ಳೆಯದು. ಮಧ್ಯವರ್ತಿಗೆ ಹೋಗುವ ಪಾಲು ಕಡಿಮೆಯಾದಷ್ಟೂ ಬರೆದವರ ಕೈಸೇರುವುದು ಹೆಚ್ಚು.

ಈ ದಾರಿಯಲ್ಲಿ ನಡೆದವರ ಬದುಕೂ ಒಂದೇ ತೆರನಲ್ಲ. ಸ್ಕಾಟ್ಲೆಂಡ್‌ನ ಕೇಟ್ ಡೇವಿಸ್ ಹದಿನೆಂಟನೆಯ ಶತಮಾನದ ಸಾಹಿತ್ಯ ಕಲಿಸುತ್ತಿದ್ದ ಅಧ್ಯಾಪಕಿ. 2008ರಲ್ಲಿ ಅವರು ರೂಪಿಸಿದ ಸ್ವೆಟರ್ ಒಂದರಲ್ಲಿ ಭುಜದ ಸುತ್ತ ಗೂಬೆಗಳ ಸಾಲು ಕೂತಿರುತ್ತದೆ. ದಪ್ಪ ನೂಲಿನಲ್ಲಿ ಕುಣಿಕೆಗಳನ್ನು ಒಂದರ ಮೇಲೊಂದು ದಾಟಿಸಿ ಮೂಡಿಸಿದ ಗೂಬೆಗಳವು. ಕಣ್ಣಿನ ಜಾಗಕ್ಕೆ ಪುಟ್ಟ ಗುಂಡಿಗಳು. ಅದು ಬಹುಬೇಗ ಕೈಯಿಂದ ಕೈಗೆ ಹೋಯಿತು. 2010ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಅವರಿಗೆ ಪಾರ್ಶ್ವವಾಯು ಬಡಿಯಿತು. ಒಂದು ಪಕ್ಕ ಸ್ವಾಧೀನ ತಪ್ಪಿತು. ಎಡಗೈಯನ್ನು ಮತ್ತೆ ಕಲಿಸಿಕೊಳ್ಳುವ ಆ ದೀರ್ಘ ದಿನಗಳಲ್ಲಿ ಹೆಣಿಗೆಯೂ ಜೊತೆಗಿತ್ತು. ಹಳೆಯ ವೃತ್ತಿಗೆ ಮರಳದೆ ಅವರು ಪೂರ್ಣಾವಧಿ ಡಿಸೈನರ್ ಆದರು, ಸ್ವಂತ ಪ್ರಕಾಶನ ಕಟ್ಟಿದರು, ಶೆಟ್ಲೆಂಡ್ ದ್ವೀಪಗಳ ಹೆಣಿಗೆ ಪರಂಪರೆಯ ಬಗ್ಗೆ ಸಂಶೋಧಕಿಯ ಶ್ರದ್ಧೆಯಿಂದ ಬರೆದರು. ಆ ಕಾಯಿಲೆ ಮತ್ತು ಚೇತರಿಕೆಯ ಅನುಭವಗಳ ಪುಸ್ತಕ ‘ಹ್ಯಾಂಡಿವುಮನ್’ 2018ರಲ್ಲಿ ಬಂತು. ಓದುಗರು ನೇರವಾಗಿ ಕೊಂಡ ಮಾದರಿಗಳು ಒಬ್ಬ ಹೆಂಗಸಿಗೆ ಇನ್ನೊಂದು ಬದುಕನ್ನೇ ಕಟ್ಟಿಕೊಟ್ಟದ್ದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಜರ್ಮನಿಯ ಮಾರ್ಟಿನಾ ಬೆಮ್ ಪತ್ರಕರ್ತೆಯಾಗಿದ್ದವರು. ಗರಗಸದ ಹಲ್ಲಿನಂಥ ಅಂಚಿರುವ ಅವರ ‘ಹಿಚ್‌ಹೈಕರ್’ ಶಾಲು ಹೊಸಬರೂ ಹೆದರದೆ ಹೆಣೆಯಬಹುದಾದದ್ದು. ನೃತ್ಯ ಕಲಿಯುತ್ತಿದ್ದ ಸ್ಟೀಫನ್ ವೆಸ್ಟ್ ಎಂಬ ಅಮೆರಿಕದ ಯುವಕ ಆಮ್‌ಸ್ಟರ್‌ಡಾಮ್‌ನಲ್ಲಿ ನೆಲೆಸಿ, ಕಣ್ಣು ಕೋರೈಸುವ ಬಣ್ಣದ ಶಾಲುಗಳಿಂದ ಹೆಸರಾದರು. ಪ್ರತಿ ವರ್ಷ ಅವರು ಒಂದು ಶಾಲಿನ ಮಾದರಿಯನ್ನು ಪೂರ್ತಿ ತೋರಿಸದೆ ಕಂತುಗಳಲ್ಲಿ ಬಿಡುಗಡೆ ಮಾಡುತ್ತಾರೆ. ಏನು ಹೆಣೆಯುತ್ತಿದ್ದೇವೆ ಎಂದು ಗೊತ್ತಿಲ್ಲದೆಯೇ ದೇಶ ದೇಶಗಳ ಜನ ಒಟ್ಟಿಗೆ ಹೆಣೆಯುತ್ತಾರೆ.

ಈ ಲೋಕದಲ್ಲಿ ಯಾರು ಕಣ್ಣಿಗೆ ಬೀಳುತ್ತಾರೆ, ಯಾರು ಬೀಳುವುದಿಲ್ಲ ಎಂಬ ಪ್ರಶ್ನೆ ಜೋರಾಗಿ ಎದ್ದದ್ದು 2019ರ ಜನವರಿಯಲ್ಲಿ, ಅದೂ ಭಾರತದ ನೆಪದಲ್ಲಿ. ಅಮೆರಿಕದ ನಿಟ್ಟಿಂಗ್ ಲೇಖಕಿಯೊಬ್ಬರು ತಮ್ಮ ಭಾರತ ಪ್ರವಾಸದ ಯೋಜನೆಯನ್ನು ಬೇರೊಂದು ಗ್ರಹಕ್ಕೆ ಹೊರಟಂತೆ ಬಣ್ಣಿಸಿ ಬರೆದರು. ಭಾರತೀಯ ಮೂಲದವರೂ ಸೇರಿ ಅನೇಕರು ಅದನ್ನು ಆಕ್ಷೇಪಿಸಿದರು. ಮಾತು ಅಲ್ಲಿಗೇ ನಿಲ್ಲದೆ, ಬಿಳಿಯರಲ್ಲದ ಡಿಸೈನರ್‌ಗಳಿಗೆ ಪತ್ರಿಕೆಗಳಲ್ಲಿ, ಮೇಳಗಳಲ್ಲಿ ಸಿಗುತ್ತಿರುವ ಜಾಗವೆಷ್ಟು ಎಂಬಲ್ಲಿಗೆ ಬೆಳೆಯಿತು. ಬ್ರಿಟನ್ನಿನ ಡಿಸೈನರ್ ಜೆನೆಟ್ ಸ್ಲೋನ್ ಅಂಥವರ ಪಟ್ಟಿಯೊಂದನ್ನು ಮಾಡಿದ್ದರು. ಅದೇ ಬೆಳೆದು ‘ಬೈಪಾಕ್ ಇನ್ ಫೈಬರ್’ ಎಂಬ ತಾಣವಾಯಿತು. ಹೊಸ ಹೆಸರುಗಳನ್ನು ಹುಡುಕುವವರು ನೋಡಲೇಬೇಕಾದ ಜಾಗ ಅದು.

ಭಾರತಕ್ಕೂ ಈ ಲೋಕಕ್ಕೂ ಇನ್ನೊಂದು ನಂಟಿದೆ. ಯುರೋಪ್, ಅಮೆರಿಕದ ಹೆಣೆಯುವವರ ಕೈಯಲ್ಲಿ ಕಾಣುವ ಬಣ್ಣ ಬಣ್ಣದ ಮರದ ಕಡ್ಡಿಗಳಲ್ಲಿ ‘ನಿಟ್‌ಪ್ರೊ’ ಹೆಸರಿನವು ತಯಾರಾಗುವುದು ನಮ್ಮ ಜೈಪುರದಲ್ಲಿ. ಅಮೆರಿಕದಲ್ಲಿ ಅವು ‘ನಿಟರ್ಸ್ ಪ್ರೈಡ್’ ಎಂಬ ಹೆಸರಿನಲ್ಲಿ ಪೇಟೆಗೆ ಬಂದವು. ನಮ್ಮ ಕಡ್ಡಿಗಳು ಸಾಗರ ದಾಟಿದಷ್ಟು ಸುಲಭವಾಗಿ ನಮ್ಮವರ ಮಾದರಿಗಳು ದಾಟಿಲ್ಲ. ನಮ್ಮಲ್ಲಿ ಸ್ವೆಟರ್ ಹಾಕುವ ವಿದ್ಯೆ ಹೆಚ್ಚಾಗಿ ಅತ್ತೆಯಿಂದ, ಅಕ್ಕನಿಂದ, ಪಕ್ಕದ ಮನೆಯವರಿಂದ ನೋಡಿ ಕಲಿತದ್ದು, ಬರೆದಿಟ್ಟದ್ದು ಕಡಿಮೆ. ಬರೆದದ್ದಕ್ಕೆ ದುಡ್ಡು ಕೊಡುವ ರೂಢಿ ಇನ್ನೂ ಕಡಿಮೆ.

ಅದಕ್ಕೇ ಇರಬೇಕು, ಕೊಂಡ ಪಿಡಿಎಫ್ ಅನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ತಪ್ಪೆಂದು ಬಹಳ ಜನಕ್ಕೆ ಅನಿಸುವುದಿಲ್ಲ. ಕುಣಿಕೆ ಹಾಕುವ ವಿದ್ಯೆ ಯಾರ ಸ್ವತ್ತೂ ಅಲ್ಲ, ನಿಜ. ಆದರೆ ಬರೆದ ಮಾದರಿ, ಅದರ ನಕ್ಷೆ, ಚಿತ್ರಗಳು ಬರೆದವರ ಕೃತಿ. ಕಾದಂಬರಿಗಿರುವ ಹಕ್ಕುಸ್ವಾಮ್ಯವೇ ಅದಕ್ಕೂ ಇದೆ. ನೂರು ಜನರ ಗುಂಪಿನಲ್ಲಿ ಒಂದು ಪ್ರತಿ ಹರಿದಾಡಿದರೆ ಸಣ್ಣ ಡಿಸೈನರ್ ಒಬ್ಬರ ತಿಂಗಳ ಸಂಪಾದನೆಯೇ ಹೋದೀತು.

ಈಚಿನ ಇನ್ನೊಂದು ಕಾಟ ಕೃತಕ ಬುದ್ಧಿಮತ್ತೆಯದು. 2018ರಲ್ಲಿ ಜನೆಲ್ ಶೇನ್ ಎಂಬ ವಿಜ್ಞಾನ ಲೇಖಕಿ ‘ರಾವೆಲ್ರಿ’ಯ ಬಳಕೆದಾರರ ನೆರವಿನಿಂದ ಕಂಪ್ಯೂಟರಿಗೆ ಮಾದರಿ ಬರೆಯಲು ಕಲಿಸಿದಾಗ ಹುಟ್ಟಿದ ವಿಚಿತ್ರ ಆಕಾರಗಳನ್ನು ಜನ ಹೆಣೆದು ನಕ್ಕಿದ್ದರು. ಈಗ ನಗುವ ಸ್ಥಿತಿ ಇಲ್ಲ. ಯಂತ್ರ ಬರೆದ ಚಿತ್ರ ಅಂಟಿಸಿ, ಹೆಣೆಯಲಾಗದ ಮಾದರಿಗಳನ್ನು ದುಡ್ಡಿಗೆ ಮಾರುವವರಿದ್ದಾರೆ. ಕೊಳ್ಳುವ ಮುಂಚೆ ಚಿತ್ರ ಹಿಗ್ಗಿಸಿ ನೋಡಿದರೆ ಮೋಸ ತಿಳಿಯುತ್ತದೆ: ಕುಣಿಕೆಗಳ ಸಾಲು ನಡುವೆ ಎಲ್ಲೋ ಕರಗಿಹೋಗಿರುತ್ತದೆ, ಕಡ್ಡಿಯ ಹೆಣಿಗೆಯೋ ಕ್ರೋಶಾವೋ ಹೇಳಲಾಗದಂತಿರುತ್ತದೆ. ಒಂದೇ ಉಡುಪನ್ನು ಹಿಂದೆ ಮುಂದೆ ತೋರಿಸುವ ಚಿತ್ರಗಳಿಲ್ಲದಿದ್ದರೆ, ಬೇರೆ ಯಾರೂ ಅದನ್ನು ಹೆಣೆದ ಗುರುತಿಲ್ಲದಿದ್ದರೆ ದೂರ ಇರುವುದೇ ಸರಿ.

ಒಂದು ಸಾಲೂ ಕೊಳ್ಳದೆ ಆರಂಭಿಸಬಯಸುವವರಿಗೆ ಕೆನಡಾ ಮತ್ತು ಸ್ಕಾಟ್ಲೆಂಡ್‌ನ ಇಬ್ಬರು ಗೆಳತಿಯರ ‘ಟಿನ್ ಕ್ಯಾನ್ ನಿಟ್ಸ್’ ಒಳ್ಳೆಯ ಜಾಗ. ಅವರ ‘ಸಿಂಪಲ್ ಕಲೆಕ್ಷನ್’ ಪೂರ್ತಿ ಉಚಿತ. ಅದರಲ್ಲಿನ ‘ಫ್ಲ್ಯಾಕ್ಸ್’ ಸ್ವೆಟರ್ ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುವಂಥದ್ದು, ಎಳೆ ಮಗುವಿನಿಂದ ದೊಡ್ಡ ಮೈಯವರವರೆಗೆ ಎಲ್ಲ ಅಳತೆಗಳೂ ಅದರಲ್ಲಿವೆ. ವಿದೇಶಿ ನೂಲೇ ಬೇಕೆಂದಿಲ್ಲ. ಮಾದರಿ ಹೇಳುವ ನೂಲು ನೂರು ಗ್ರಾಮಿಗೆ ಎಷ್ಟು ಮೀಟರ್ ಎಂದು ನೋಡಿ, ಅದಕ್ಕೆ ಹತ್ತಿರವಾದದ್ದನ್ನು ಬೆಂಗಳೂರಿನ ಅಂಗಡಿಯಲ್ಲೇ ಆರಿಸಬಹುದು. ಒಂದು ಚಿಕ್ಕ ಚೌಕ ಹೆಣೆದು, ಒಗೆದು, ಒಣಗಿಸಿ ಅಳೆದ ಮೇಲೆ ಸ್ವೆಟರಿಗೆ ಕೈಹಾಕಿದರಾಯಿತು.

ದುಡ್ಡು ಕೊಡಲಾಗದವರೂ ಡಿಸೈನರ್‌ಗೆ ಮಾಡಬಹುದಾದದ್ದು ಬಹಳಿದೆ. ಹೆಣೆದು ಮುಗಿಸಿದ ಉಡುಪಿನ ಫೋಟೊ ಹಾಕುವಾಗ ಮಾದರಿಯ ಹೆಸರು, ಡಿಸೈನರ್ ಹೆಸರು ಎರಡನ್ನೂ ಬರೆಯಿರಿ. ತಪ್ಪು ಕಂಡರೆ ಊರಿಗೆಲ್ಲ ಹೇಳುವ ಮೊದಲು ಅವರಿಗೊಂದು ಇಮೇಲ್ ಕಳಿಸಿ. ಗೆಳತಿ ಪಿಡಿಎಫ್ ಕೇಳಿದರೆ ಕೊಂಡಿ ಕೊಡಿ. ಕೊಡಲಾಗುವವರು ಉಚಿತ ಮಾದರಿಯೊಂದು ಕೈಗೆ ಒಗ್ಗಿದ ಮೇಲೆ, ಅದೇ ಡಿಸೈನರ್ ಅವರ ಇನ್ನೊಂದು ಮಾದರಿಯನ್ನು ಬೆಲೆ ಕೊಟ್ಟೇ ಕೊಳ್ಳಿ.