ಬೀದಿಯೇ ಪಂದ್ಯದ ಪಥವಾದಾಗ

ಹೈದರಾಬಾದಿನ ಹುಸೇನಸಾಗರದ ಕಟ್ಟೆಯ ಮೇಲೆ ಬಸವಣ್ಣನವರ ಪ್ರತಿಮೆಯಿದೆ. ವ್ಯಾಪಾರಕ್ಕೋ ಆಸ್ಪತ್ರೆಗೋ ಆ ನಗರಕ್ಕೆ ಹೋದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಂಧುಗಳು ಅಲ್ಲಿ ಕೈಮುಗಿದು ಬರುವುದುಂಟು. ಅದೇ ಕೆರೆಯ ಇನ್ನೊಂದು ದಂಡೆಯಲ್ಲಿ, ಸಚಿವಾಲಯ ಹಾಗೂ ಲುಂಬಿನಿ ಉದ್ಯಾನದ ಆಸುಪಾಸಿನ ರಸ್ತೆಗಳಲ್ಲಿ, 2023ರ ಫೆಬ್ರುವರಿ 11ರಂದು ಅಂತರರಾಷ್ಟ್ರೀಯ ಮೋಟಾರು ಪಂದ್ಯ ನಡೆಯಿತು. ವಿದ್ಯುತ್ ಕಾರುಗಳ 'ಫಾರ್ಮುಲಾ ಇ' ಪಂದ್ಯ ಭಾರತಕ್ಕೆ ಬಂದುದು ಅದೇ ಮೊದಲು. 2.83 ಕಿ.ಮೀ. ಸುತ್ತಿನಲ್ಲಿ 18 ತಿರುವುಗಳು. ಓಡಿದ್ದು 22 ಕಾರುಗಳು. ಗೆದ್ದವರು ಫ್ರಾನ್ಸಿನ ಜಾನ್ ಎರಿಕ್ ವೆರ್ನ್. ಮರುವರ್ಷದ ಪಂದ್ಯ ರದ್ದಾಯಿತು.

ಜಗತ್ತಿನ ಅತಿವೇಗದ ಬೀದಿಪಥವೆಂದು ಹೆಸರಾದುದು ಸೌದಿ ಅರೇಬಿಯಾದ ಜೆಡ್ಡಾ ನಗರದ ಕಡಲತೀರದಲ್ಲಿದೆ. 2021ರಲ್ಲಿ ಆರಂಭವಾದ ಈ 6.174 ಕಿ.ಮೀ. ಪಥದ 27 ತಿರುವುಗಳನ್ನು ಫಾರ್ಮುಲಾ ಒನ್ ಕಾರುಗಳು ಗಂಟೆಗೆ ಸರಾಸರಿ 250 ಕಿ.ಮೀ. ಮೀರಿದ ವೇಗದಲ್ಲಿ ಸುತ್ತುತ್ತವೆ. ಗೋಡೆಗೂ ಗಾಲಿಗೂ ಗೇಣಿನ ಅಂತರ!

ನಮ್ಮ ನಾಡಿನ ಯುವಕನೊಬ್ಬ ಇಂಥ ಬೀದಿಗಳಲ್ಲಿ ಸೋಲುಗೆಲುವು ಎರಡನ್ನೂ ಕಂಡಿದ್ದಾನೆ. 2024ರ ಸೆಪ್ಟೆಂಬರಿನಲ್ಲಿ ಬಾಕು ನಗರದ ಫಾರ್ಮುಲಾ 2 ಪಂದ್ಯದಲ್ಲಿ ಬೆಂಗಳೂರಿನ ಕುಶ್ ಮೈನಿಯ ಕಾರು ಆರಂಭದಲ್ಲೇ ನಿಂತುಬಿಟ್ಟಿತು. ಹಿಂದಿನಿಂದ ಬಂದ ಕಾರುಗಳು ಅಪ್ಪಳಿಸಿದವು. ಚಾಲಕರೆಲ್ಲ ಬದುಕುಳಿದರು. ತಲೆಯ ಸುತ್ತ ಟೈಟಾನಿಯಂ ಕಮಾನು, ಶಿರಸ್ತ್ರಾಣ, ಬಿಗಿದ ಪಟ್ಟಿಗಳು ಅವರಿಗೆ ರಕ್ಷೆಯಾಗಿದ್ದವು. ಅದೇ ಕುಶ್ 2025ರ ಮೇ 24ರಂದು ಮೊನಾಕೊದ ಬೀದಿಯಲ್ಲಿ ಫಾರ್ಮುಲಾ 2ರ ಕಿರುಪಂದ್ಯವನ್ನು ಗೆದ್ದು, ಅಲ್ಲಿ ಗೆದ್ದ ಮೊದಲ ಭಾರತೀಯನೆನಿಸಿದನು.

ಇದನ್ನು ಇಲ್ಲಿ ಏಕೆ ಬರೆಯುತ್ತಿದ್ದೇವೆ? ಪಂದ್ಯದ ಚಿತ್ರ ನೋಡಿದ ನಮ್ಮ ಮಕ್ಕಳು ಬೈಕನ್ನೇರಿ ಊರ ಹೊರಗಿನ ರಸ್ತೆಯಲ್ಲಿ ಅದನ್ನೇ ಆಡಹೊರಡುತ್ತಾರೆ. ಅಲ್ಲಿ ರಸ್ತೆ ಮುಚ್ಚಿರುತ್ತದೆ, ಎದುರಿಗೆ ಯಾರೂ ಬರುವುದಿಲ್ಲ, ವೈದ್ಯರು ಸಿದ್ಧರಿರುತ್ತಾರೆ. ಇಲ್ಲಿ ತಿರುವಿನಾಚೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು, ಚಕ್ಕಡಿ, ಹೊಲದಿಂದ ಮರಳುವ ತಾಯಂದಿರು. ಮಗನನ್ನು ಕಳೆದುಕೊಂಡ ಮನೆಗಳಿಗೆ ಸಾಂತ್ವನ ಹೇಳಲು ಹೋಗಿ, ಮಾತು ಬಾರದೆ ಕುಳಿತು ಎದ್ದುಬಂದಿದ್ದೇವೆ.

ಹದಿನೆಂಟು ತುಂಬದ ಮಗ ವಾಹನ ಚಲಾಯಿಸಿ ಅಪರಾಧವಾದರೆ ಪಾಲಕರಿಗೆ 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ ವಿಧಿಸಲು 2019ರ ತಿದ್ದುಪಡಿ ಕಾನೂನು ಅವಕಾಶ ಕೊಟ್ಟಿದೆ. ಆದರೆ ಕಾನೂನಿಗಿಂತ ಮೊದಲು ಮನೆ ಎಚ್ಚರಗೊಳ್ಳಬೇಕು. ಬೀಗದ ಕೈ ಕೊಡುವವರು ನಾವೇ ಅಲ್ಲವೇ?

ವಿದ್ಯುತ್ ಪಂದ್ಯದ ಕಾರಿನಲ್ಲೊಂದು ವಿಶೇಷವಿದೆ. ವೇಗ ತಗ್ಗಿಸಿದಾಗ ವ್ಯರ್ಥವಾಗಬೇಕಾದ ಶಕ್ತಿ ಮರಳಿ ಬ್ಯಾಟರಿಯನ್ನು ಸೇರುತ್ತದೆ. ತಡೆಯಬಲ್ಲವನೇ ಕೊನೆಯವರೆಗೆ ಓಡಬಲ್ಲ. ಈ ಪಾಠವನ್ನು ಮಕ್ಕಳಿಗೆ ಹೇಳೋಣ. ಮನೆ ಬಿಡುವಾಗ ಹಣೆಗೆ ವಿಭೂತಿ ಧರಿಸುವಂತೆ ತಲೆಗೆ ಹೆಲ್ಮೆಟ್ ಧರಿಸುವುದನ್ನೂ ರೂಢಿಸೋಣ. ಹೋದವರು ಸುಖವಾಗಿ ಮರಳಿ ಬರಲಿ.