ನಾತ ಎಲ್ಲಿಂದ ಬರುತ್ತೆ? ಹುಣಸೂರಿನ ಚರಂಡಿಯಿಂದ ಕಟ್ಟೆಮಳಲವಾಡಿಯ ಕಟ್ಟೆವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ವಿಷಯ ಕೇಳಿದ ಕೂಡಲೇ ಮೂಗು ಮುಚ್ಕೋಬೇಡಿ, ಇವತ್ತು ಮಾತಾಡ್ತಿರೋದು ಗಬ್ಬುನಾತದ ಬಗ್ಗೆ. ಕೊಳಚೆ ನೀರು ಶುದ್ಧ ಮಾಡೋ ಘಟಕ, ಕಸದಿಂದ ಗೊಬ್ಬರ ಮಾಡೋ ಘಟಕ, ಇವು ಯಾಕೆ ನಾರುತ್ತವೆ? ನಾರದ ಹಾಗೆ ನಡೆಸೋಕೆ ಆಗುತ್ತಾ? ಆಗುತ್ತೆ ಅಂತಾದ್ರೆ ಮತ್ಯಾಕೆ ಆಗ್ತಿಲ್ಲ?

ಮಾತು ಶುರು ಮಾಡೋದು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಿಂದ. ಹೊಗೆಸೊಪ್ಪು ಬೆಳೆಯೋರಿಗೆ ಈ ಊರು ಗೊತ್ತಿರೋದು ಹರಾಜು ಮಾರುಕಟ್ಟೆಯಿಂದ. ಮಿಕ್ಕವರಿಗೆ ಲಕ್ಷ್ಮಣತೀರ್ಥ ನದಿಗೆ ಕಟ್ಟಿರೋ ಹಳೇ ಅಣೆಕಟ್ಟೆಯಿಂದ. ಇನ್ನೊಂದು ಕಡೆನೂ ಈ ಊರಿನ ಹೆಸರಿದೆ, ಅದು ಅಷ್ಟು ಹೆಮ್ಮೆ ಪಡೋ ಜಾಗ ಅಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳ ಪಟ್ಟಿ ಮಾಡಿತು. ಕರ್ನಾಟಕದ ಪಾಲು 17. ಅದರಲ್ಲೊಂದು ಲಕ್ಷ್ಮಣತೀರ್ಥ: ಹುಣಸೂರಿನಿಂದ ಕಟ್ಟೆಮಳಲವಾಡಿವರೆಗಿನ ಭಾಗ. ಹುಣಸೂರು ಪಟ್ಟಣದ ಚರಂಡಿ ನೀರು ಹೊಳೆಗೆ ಸೇರೋದು ಈ ಭಾಗದ ಪತ್ರಿಕೆಗಳಲ್ಲಿ ವರ್ಷಗಳಿಂದ ಬರ್ತಿರೋ ಸುದ್ದಿ. ಮೇಲಿನ ಪಟ್ಟಣ ಬಿಟ್ಟಿದ್ದು ಕೆಳಗಿನ ಹಳ್ಳಿಯ ಮೂಗಿಗೆ ಬರುತ್ತೆ.

ಒಂದು ಹೊಳೆಯನ್ನ ಕಲುಷಿತ ಅನ್ನೋದಕ್ಕೆ ಮಂಡಳಿ ನೋಡೋ ಅಳತೆ ಬಿಒಡಿ. ನೀರಲ್ಲಿರೋ ಕೊಳೆಯನ್ನ ತಿಂದು ಮುಗಿಸೋಕೆ ಬ್ಯಾಕ್ಟೀರಿಯಾಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನೋ ಲೆಕ್ಕ ಅದು. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಪಟ್ಟಿಗೆ ಸೇರುತ್ತೆ. ಈಗ ಒಂದು ಸಣ್ಣ ಲೆಕ್ಕ ಹಾಕೋಣ. 25 ಡಿಗ್ರಿ ಉಷ್ಣಾಂಶದಲ್ಲಿ ಒಂದು ಲೀಟರ್ ಒಳ್ಳೇ ನೀರು ಹಿಡಿದಿಟ್ಟುಕೊಳ್ಳೋ ಆಮ್ಲಜನಕ ಹೆಚ್ಚೂಕಮ್ಮಿ 8 ಮಿಲಿಗ್ರಾಂ. ಮನೆಗಳಿಂದ ಬರೋ ಕೊಳಚೆ ನೀರು ಕೇಳೋದು ಲೀಟರಿಗೆ 200ರಿಂದ 300 ಮಿಲಿಗ್ರಾಂ. ಮನೇಲಿ ಎಂಟು ಮುದ್ದೆ ಇದೆ, ಊಟಕ್ಕೆ ಬಂದೋರು ಇನ್ನೂರು ಜನ ಅಂದ ಹಾಗೆ. ಕೆಲವೇ ಗಂಟೆಯಲ್ಲಿ ನೀರಿನ ಉಸಿರು ಖಾಲಿ.

ನಾತದ ಕಥೆ ಇಲ್ಲಿಂದಲೇ ಶುರು. ಆಮ್ಲಜನಕ ಇದ್ದಾಗ ಕೊಳೆ ತಿನ್ನೋ ಬ್ಯಾಕ್ಟೀರಿಯಾಗಳು ಬೇರೆ, ಮುಗಿದ ಮೇಲೆ ಬರೋ ಬಳಗವೇ ಬೇರೆ. ಎರಡನೇ ಬಳಗದಲ್ಲಿ ಕೆಲವು ನೀರಲ್ಲಿ ಕರಗಿರೋ ಸಲ್ಫೇಟನ್ನ ಹಿಡಿದು ಉಸಿರಾಡ್ತವೆ, ಬಿಡೋದು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆ ವಾಸನೆ ಅಂತೀವಲ್ಲ, ಅದು. ನಮ್ಮ ಮೂಗು ಇದನ್ನ ಎಷ್ಟು ಚೆನ್ನಾಗಿ ಹಿಡಿಯುತ್ತೆ ಅಂದ್ರೆ, ನೂರು ಕೋಟಿ ಭಾಗ ಗಾಳಿಯಲ್ಲಿ ಕೆಲವೇ ಭಾಗ ಇದ್ದರೂ ಸಾಕು, ಗೊತ್ತಾಗಿಬಿಡುತ್ತೆ. ಆದರೆ ಪ್ರಮಾಣ 100 ಪಿಪಿಎಂ ಆಸುಪಾಸು ಹೋದ್ರೆ ಮೂಗಿನ ನರವೇ ಮರಗಟ್ಟುತ್ತೆ, ವಾಸನೆ ಬರೋದೇ ನಿಂತುಹೋಗುತ್ತೆ. ಅದಕ್ಕಿಂತ ಕೆಲವು ಪಟ್ಟು ಹೆಚ್ಚಾದರೆ ಪ್ರಾಣಕ್ಕೇ ಕುತ್ತು. ಮ್ಯಾನ್‌ಹೋಲ್ ಒಳಗೆ ಇಳಿದವರು ಒಬ್ಬರ ಹಿಂದೆ ಒಬ್ಬರು ಸಾಯೋ ಸುದ್ದಿ ಓದ್ತೀವಲ್ಲ, ಎಷ್ಟೋ ಸಲ ಕಾರಣ ಈ ಅನಿಲವೇ. ‘ಒಳಗೆ ವಾಸನೆ ಏನೂ ಇಲ್ಲ, ಇಳೀಬಹುದು’ ಅನ್ನೋ ಮಾತನ್ನ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಮನುಷ್ಯರನ್ನ ಹಾಗೆ ಇಳಿಸೋದು 2013ರ ಕಾನೂನಿನ ಪ್ರಕಾರ ಅಪರಾಧ ಕೂಡ.

ಕಟ್ಟೆಯಂಥ ಜಾಗದಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತೆ. ಕಟ್ಟೆ ಹಿಂದೆ ನೀರು ನಿಧಾನ ಆಗುತ್ತೆ, ಮೇಲಿಂದ ಬಂದ ಕೊಳೆ ತಳಕ್ಕೆ ಕೂರುತ್ತೆ. ಬೇಸಿಗೆಯಲ್ಲಿ ಹರಿವು ಕಮ್ಮಿ, ಬಿಸಿಲು ಜಾಸ್ತಿ, ತಳದ ಕಪ್ಪು ಕೆಸರಲ್ಲಿ ಆಮ್ಲಜನಕ ಇಲ್ಲ. ಅಲ್ಲಿ ತಯಾರಾದ ಅನಿಲ ನೀರಲ್ಲೇ ಕರಗಿ ಕೂತಿರುತ್ತೆ, ಸೋಡಾ ಬಾಟಲಿ ಒಳಗಿನ ಗ್ಯಾಸ್ ಥರ. ನೀರು ಕಟ್ಟೆ ಮೇಲಿಂದ ಬಿದ್ದು ಚದುರಿದಾಗ ಅದು ಆಚೆ ಬರುತ್ತೆ. ಹಾಗಾಗಿ ಕೊಳಕು ನೀರು ನಿಂತಲ್ಲಿಗಿಂತ ಬೀಳೋ ಜಾಗದಲ್ಲಿ ಹೆಚ್ಚು ನಾರುತ್ತೆ. ಶುದ್ಧೀಕರಣ ಘಟಕಗಳಲ್ಲೂ ಇದೇ. ಪಟ್ಟಣದ ಒಳಚರಂಡಿ ಪೈಪು ಬಂದು ಧುಮುಕೋ ಬಾವಿ ಇದೆಯಲ್ಲ, ಘಟಕದಲ್ಲಿ ಅತಿ ಕೆಟ್ಟ ಜಾಗ ಅದು. ಗಾಳಿ ಊದಿ ನೀರು ಕುದಿಯೋ ಹಾಗೆ ಮಾಡ್ತಾರಲ್ಲ, ಆ ದೊಡ್ಡ ತೊಟ್ಟಿ ನೋಡೋಕೆ ಭಯಂಕರ, ಆದರೆ ಸರಿಯಾಗಿ ನಡೀತಿದ್ದರೆ ಅದು ಬರೀ ಒದ್ದೆ ಮಣ್ಣಿನ ವಾಸನೆ ಹೊಡೆಯುತ್ತೆ. ಆ ತೊಟ್ಟಿಯಿಂದ ನಾತ ಬರ್ತಿದೆ ಅಂದ್ರೆ ಬ್ಲೋವರ್ ಕೆಟ್ಟಿದೆ, ಇಲ್ಲ ಕರೆಂಟು ಬಿಲ್ಲು ಉಳಿಸೋಕೆ ಯಾರೋ ಆಫ್ ಮಾಡಿದ್ದಾರೆ, ಇಲ್ಲ ತಾಕತ್ತಿಗಿಂತ ಹೆಚ್ಚು ಕೊಳಚೆ ಬರ್ತಿದೆ.

ಈ ಸಂಚಿಕೆಯಲ್ಲಿ ನಾನು ಮುಖ್ಯವಾಗಿ ಹೇಳಬೇಕು ಅಂದ್ಕೊಂಡಿರೋದು ಇದನ್ನೇ ಕಣ್ರೀ. ನಾತ ಅನ್ನೋದು ಒಂದೇ ಅಲ್ಲ. ಒಂದೊಂದು ವಾಸನೆ ಒಂದೊಂದು ಕಾಯಿಲೆಯ ಲಕ್ಷಣ. ಗೊಬ್ಬರದ ರಾಶಿ ತಗೊಳ್ಳಿ. ಮೊಟ್ಟೆ ಕೊಳೆತ ವಾಸನೆ ಅಂದ್ರೆ ರಾಶಿ ಒಳಗೆ ಗಾಳಿ ಇಲ್ಲ, ನೀರು ಜಾಸ್ತಿ ಆಗಿದೆ. ಹುಳಿ ವಾಸನೆ, ಇಡ್ಲಿ ಹಿಟ್ಟು ಮೂರು ದಿನ ಇಟ್ಟ ಹಾಗೆ ಅಂದ್ರೆ, ಅನ್ನ-ತರಕಾರಿಯಂಥ ಹಸಿ ಕಸ ಬಹಳ ಹೊತ್ತು ಮುಚ್ಚಿದ ಗಾಡಿಯಲ್ಲೋ ಚೀಲದಲ್ಲೋ ಕೂತು ಬಂದಿದೆ. ಮೂತ್ರದ ಹಾಗೆ ಕಣ್ಣು ಉರಿಸೋ ಘಾಟು ಅಮೋನಿಯಾದ್ದು, ಅದು ಬಂದ್ರೆ ರಾಶಿಯಲ್ಲಿ ಸಾರಜನಕ ಜಾಸ್ತಿ, ಒಣ ಎಲೆ, ತೆಂಗಿನ ನಾರು, ಹುಲ್ಲು ಕಮ್ಮಿ. ಕೊಳೆತ ಎಲೆಕೋಸು, ಬೆಳ್ಳುಳ್ಳಿ ಥರ ಬಂದ್ರೆ ಮಾಂಸದ ಕಸ, ಇಲ್ಲ ಹಳೇ ಕೆಸರು ಗಾಳಿಯಿಲ್ಲದೆ ಕೊಳೀತಿದೆ. ತಿಪ್ಪೆ ಹಾಕೋ ರೈತರಿಗೆ ಇದನ್ನ ವಿವರಿಸೋ ಅಗತ್ಯ ಇಲ್ಲ. ಸೆಗಣಿ, ಕಡ್ಡಿ, ಸೊಪ್ಪು ಬೆರೆತ ತಿಪ್ಪೆ ಪಕ್ಕ ಕೂತು ಊಟ ಮಾಡಬಹುದು, ಬರೀ ಕೋಳಿ ಗೊಬ್ಬರದ ರಾಶಿ ಪಕ್ಕ ನಿಲ್ಲೋಕೂ ಆಗಲ್ಲ.

ಈಗ ಮೈಸೂರಿಗೆ ಬರೋಣ, ಯಾಕಂದ್ರೆ ಈ ಜಿಲ್ಲೆಯಲ್ಲಿ ನಾತದ ಜಗಳ ಅತಿ ಹೆಚ್ಚು ಕಾಲ ನಡೆದಿರೋದು ಅಲ್ಲೇ. ವಿದ್ಯಾರಣ್ಯಪುರಂನ ಸೂಯೇಜ್ ಫಾರ್ಮ್. ಕೊಳಚೆ ನೀರು ಹಾಯಿಸಿ ಹುಲ್ಲು ಬೆಳೀತಿದ್ದ ಜಾಗ, ಹೆಸರು ಹಾಗೇ ಉಳ್ಕೊಂಡಿದೆ. ಅಲ್ಲೇ ನಗರದ ಮೂರು ಕೊಳಚೆ ನೀರು ಘಟಕಗಳಲ್ಲಿ ಒಂದು ಬಂತು. ಇನ್ನೆರಡು ಕೆಸರೆ, ರಾಯನಕೆರೆ. ಪಕ್ಕದಲ್ಲೇ ಕಸದಿಂದ ಗೊಬ್ಬರ ಮಾಡೋ ಘಟಕವೂ ಬಂತು, ದಿನಕ್ಕೆ 200 ಟನ್ ತಾಕತ್ತಿನದು. ನಗರದ ಕಸ ಅದರ ಹೆಚ್ಚೂಕಮ್ಮಿ ಎರಡು ಪಟ್ಟಿಗೆ ಬೆಳೀತು. ಮಿಕ್ಕಿದ್ದು ಎಲ್ಲಿಗೆ ಹೋಗಬೇಕು? ಅಲ್ಲೇ ರಾಶಿ ಬಿತ್ತು. ಸುತ್ತ ಜೆ.ಪಿ. ನಗರದಂಥ ಬಡಾವಣೆಗಳು ಬೆಳೆದವು, ಅಲ್ಲಿನ ಜನ ವರ್ಷಗಟ್ಟಲೆ ಬೀದಿಗಿಳಿದರು. ರಾಶಿಗೆ ಔಷಧಿ ಸಿಂಪಡಿಸಿದರೂ, ತಾಕತ್ತಿನ ಎರಡು ಪಟ್ಟು ಕಸ ಬರೋ ಜಾಗದಲ್ಲಿ ಅದು ಎಷ್ಟು ದಿನ ನಿಲ್ಲುತ್ತೆ ಹೇಳಿ.

ಬೆಂಗಳೂರಲ್ಲೂ ಇದೇ ಪಾಠ. ಕುಡ್ಲು ಹತ್ತಿರದ ಕೆಸಿಡಿಸಿ, ಅಂದರೆ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ, ಶುರುವಾಗಿದ್ದು 1975ರಲ್ಲಿ. ಆಮೇಲೆ ಎಚ್‌ಎಸ್‌ಆರ್ ಲೇಔಟ್ ಕಡೆಯ ಮನೆಗಳು ಅದರ ಬೇಲಿ ತನಕ ಬಂದವು, ಬೇರ್ಪಡಿಸದ ಕಸವೂ ಬಂತು, ಜಗಳವೂ ಬಂತು. ಮಂಡೂರಿನವರಂತೂ ಲಾರಿಗಳನ್ನೇ ತಡೆದರು. 2014ರ ಕೊನೆಗೆ ಅಲ್ಲಿಗೆ ಕಸ ಹಾಕೋದು ನಿಲ್ಲಿಸ್ತೀವಿ ಅಂತ ಸರ್ಕಾರ ಮಾತು ಕೊಡಬೇಕಾಯಿತು. ಈ ಎಲ್ಲ ಕಡೆನೂ ಹಳ್ಳಿಯವರು ಅಭಿವೃದ್ಧಿಗೆ ಅಡ್ಡಿ ಅನ್ನೋ ಮಾತು ಕೇಳಿಬರುತ್ತೆ. ನನಗೆ ಹಾಗನ್ನಿಸಲ್ಲ. ನಾರೋ ಘಟಕ ಕೆಟ್ಟು ನಡೀತಿರೋ ಘಟಕ, ಅದನ್ನ ಮೊದಲು ಕಂಡುಹಿಡಿಯೋದು ಪಕ್ಕದ ಮನೆಯವರ ಮೂಗು.

ಹಾಗಾದ್ರೆ ಮದ್ದೇನು? ಮೊದಲು ಕೆಲಸಕ್ಕೆ ಬಾರದ ಮದ್ದುಗಳು. ಪರಿಮಳದ ದ್ರಾವಣ ಸಿಂಪಡಿಸೋದು: ನಾತದ ಮೇಲೆ ಇನ್ನೊಂದು ವಾಸನೆ ಸೇರುತ್ತೆ ಅಷ್ಟೇ. ಬ್ಲೀಚಿಂಗ್ ಪೌಡರ್ ಎರಚೋದು ನಮ್ಮ ಸ್ಥಳೀಯ ಸಂಸ್ಥೆಗಳ ಅಚ್ಚುಮೆಚ್ಚಿನ ಕೆಲಸ. ಮೇಲ್ಮೈಯಲ್ಲಿ ಸ್ವಲ್ಪ ಹೊತ್ತು ತಡೆಯುತ್ತೆ, ಜೊತೆಗೆ ಕೊಳೆ ತಿನ್ನೋ ಒಳ್ಳೇ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ. ಸುಣ್ಣ ಹಾಕಿದ್ರೆ ಇನ್ನೂ ತಮಾಷೆ. ಸುಣ್ಣದ ಕ್ಷಾರಕ್ಕೆ ಹೈಡ್ರೋಜನ್ ಸಲ್ಫೈಡ್ ನೀರಲ್ಲೇ ಉಳಿಯುತ್ತೆ, ಆದರೆ ಅದೇ ಕ್ಷಾರ ಅಮೋನಿಯಾವನ್ನ ಆಚೆ ಓಡಿಸುತ್ತೆ. ಮೊಟ್ಟೆ ನಾತ ಹೋಗಿ ಮೂತ್ರದ ನಾತ ಬಂತು, ಅಷ್ಟೇ ಲಾಭ.

ಕೆಲಸ ಮಾಡೋ ಮದ್ದುಗಳು ಬಹಳ ಸಾದಾ. ಗೊಬ್ಬರದ ಘಟಕದಲ್ಲಿ ಹಸಿ ಕಸ ಬಂದ ದಿನವೇ ಒಣ ಪದಾರ್ಥದ ಜೊತೆ ಬೆರೀಬೇಕು. ಇಂಗಾಲ ಸುಮಾರು 30 ಪಾಲಿದ್ದರೆ ಸಾರಜನಕ 1 ಪಾಲು, ತೇವ ಶೇ 50ರಿಂದ 60. ಹಿಡಿ ತುಂಬ ತಗೊಂಡು ಹಿಂಡಿದ್ರೆ ಒಂದೆರಡು ಹನಿ ಬರಬೇಕು, ಧಾರೆ ಬಂದರೆ ಜಾಸ್ತಿ ಆಯ್ತು. ರಾಶಿ ಕೆಳಗೆ ಸೋರೋ ಕಪ್ಪು ರಸ ನಿಲ್ಲದ ಹಾಗೆ ಇಳಿಜಾರು ನೆಲ, ಚರಂಡಿ, ಮಳೆಗಾಲಕ್ಕೆ ಮೇಲೊಂದು ಸೂರು. ಹೊಸ ರಾಶಿ ಮೇಲೆ ಒಂದು ಗೇಣು ಮಾಗಿದ ಗೊಬ್ಬರ ಹೊದಿಸಿದ್ರೆ ಅದೇ ಶೋಧಕ ಆಗುತ್ತೆ: ಕೆಳಗಿಂದ ಬರೋ ಅನಿಲವನ್ನ ಆ ಪದರದ ಬ್ಯಾಕ್ಟೀರಿಯಾಗಳು ತಿಂದುಬಿಡ್ತವೆ.

ಇದೇ ತತ್ವ ದೊಡ್ಡದಾಗಿ ಮಾಡಿದ್ರೆ ಬಯೋಫಿಲ್ಟರ್. ಕೊಳಚೆ ಬಾವಿಗೆ ಮುಚ್ಚಳ ಹಾಕಿ, ಒಳಗಿನ ಗಾಳಿಯನ್ನ ಫ್ಯಾನಿನಿಂದ ಎಳೆದು, ಸುಮಾರು ಒಂದು ಮೀಟರ್ ದಪ್ಪದ ಗೊಬ್ಬರ, ಮರದ ಚಕ್ಕೆ, ತೆಂಗಿನ ನಾರಿನ ಹಾಸಿನ ಮೂಲಕ ನಿಧಾನಕ್ಕೆ ಬಿಡೋದು. ಗಾಳಿ ಅದರೊಳಗೆ ಅರ್ಧ ನಿಮಿಷದಿಂದ ಒಂದು ನಿಮಿಷ ಇದ್ದರೆ ಸಾಕು. ಹಾಸು ಒಣಗಬಾರದು, ದಿನಾ ನೀರು ಚಿಮುಕಿಸಬೇಕು, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ತೆಂಗಿನ ನಾರಿಗೆ ನಮ್ಮಲ್ಲಿ ಬರ ಇಲ್ಲ. ಖರ್ಚಿನ ವಿಷಯ ಅಂದ್ರೆ ಮುಚ್ಚಳ, ಫ್ಯಾನು ಮತ್ತು ನೋಡ್ಕೊಳ್ಳೋ ಒಬ್ಬ ಮನುಷ್ಯ. ಟೆಂಡರ್‌ನಲ್ಲಿ ಮೊದಲ ಎರಡು ಇರುತ್ತೆ, ಮೂರನೆಯದು ಮರೆತುಹೋಗಿರುತ್ತೆ.

ಒಳಚರಂಡಿ ಇಲ್ಲದ ಊರುಗಳಲ್ಲಿ ಶೌಚದ ಗುಂಡಿ ಖಾಲಿ ಮಾಡೋ ಟ್ಯಾಂಕರ್‌ಗಳ ಸಮಸ್ಯೆ ಬೇರೆ. ಆ ಕೆಸರನ್ನ ಹಳ್ಳಕ್ಕೋ ಹೊಲಕ್ಕೋ ಸುರಿಯೋ ಬದಲು ಶುದ್ಧ ಮಾಡೋಕೆ 2015ರಲ್ಲಿ ದೇವನಹಳ್ಳಿಯಲ್ಲಿ ಒಂದು ಘಟಕ ಬಂತು. ಕೆಸರು ಮೊದಲು ಮುಚ್ಚಿದ ತೊಟ್ಟಿಗಳಲ್ಲಿ ಜೀರ್ಣ ಆಗುತ್ತೆ, ನಮ್ಮ ಗೋಬರ್ ಗ್ಯಾಸ್ ಗುಂಡಿ ಥರ, ಆಮೇಲೆ ಒಣಗೋ ಹಾಸಿಗೆ ಬರುತ್ತೆ. ಗೋಬರ್ ಗ್ಯಾಸಿನಿಂದ ಆಚೆ ಬರೋ ಬಗ್ಗಡ ಹಸಿ ಸೆಗಣಿಗಿಂತ ಕಮ್ಮಿ ನಾರುತ್ತೆ ಅನ್ನೋದು ಮನೇಲಿ ಇಟ್ಕೊಂಡೋರಿಗೆ ಗೊತ್ತು. ಜೀರ್ಣ ಆಗೋ ತನಕ ಮುಚ್ಚಿಡು, ಆಮೇಲೆ ತೆರೆ. ಹುಣಸೂರು, ಪಿರಿಯಾಪಟ್ಟಣದಂಥ ಊರುಗಳಿಗೆ ಹೊಂದೋದು ಈ ಅಳತೆಯ ಘಟಕವೇ ಅಂತ ನನ್ನ ಅಭಿಪ್ರಾಯ.

ಇನ್ನು ಕಾನೂನು. ನಾತಕ್ಕೆ ಅಂತಲೇ ಇಷ್ಟು ದಾಟಬಾರದು ಅನ್ನೋ ಒಂದು ಅಂಕಿ ನಮ್ಮ ದೇಶದ ಗಾಳಿ ಮಾನದಂಡದಲ್ಲಿ ಇಲ್ಲ. ಅಮೋನಿಯಾಕ್ಕೆ ಇದೆ, ಹೈಡ್ರೋಜನ್ ಸಲ್ಫೈಡಿಗೆ ಆ ಪಟ್ಟಿಯಲ್ಲಿ ಜಾಗ ಇಲ್ಲ. ಕೇಂದ್ರ ಮಂಡಳಿ 2008ರಲ್ಲಿ ದುರ್ವಾಸನೆ ನಿಯಂತ್ರಣಕ್ಕೆ ಮಾರ್ಗಸೂಚಿ ತಂದಿತು, ಅದು ಸಲಹೆ. 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ 5 ಟನ್ ದಾಟಿದ ಘಟಕದ ಸುತ್ತ ಮನೆ ಕಟ್ಟದ ಜಾಗ ಬಿಡಬೇಕು ಅಂದವು. ಕಸ ಹೂಳೋ ಜಾಗ ನದಿಯಿಂದ 100 ಮೀಟರ್, ಕೆರೆ, ವಸತಿ, ಕುಡಿಯೋ ನೀರಿನ ಬಾವಿಯಿಂದ 200 ಮೀಟರ್ ದೂರ ಇರಬೇಕು ಅಂದವು.

ದೂರು ಕೊಡೋರಿಗೆ ಒಂದು ಮಾತು. ರಾತ್ರಿ ನಾತ ತಡ್ಕೊಳ್ಳೋಕಾಗಲ್ಲ ಅಂತ ಫೋನ್ ಮಾಡ್ತೀರಿ, ಅಧಿಕಾರಿ ಬೆಳಿಗ್ಗೆ ಹನ್ನೊಂದಕ್ಕೆ ಬಂದು ಏನೂ ಇಲ್ವಲ್ಲ ಅಂತಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ರಾತ್ರಿ ನೆಲ ತಣ್ಣಗಾದಾಗ ತಣ್ಣನೆ ಗಾಳಿ ಕೆಳಗೇ ಮಲಗುತ್ತೆ, ನಾತವೂ ಅದರೊಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಬಿಸಿಲೇರಿದ ಮೇಲೆ ಬಿಸಿಗಾಳಿ ಮೇಲೇಳುತ್ತೆ, ನಾತ ಚದುರುತ್ತೆ. ಚಳಿಗಾಲದ ಮುಂಜಾನೆ ಅತಿ ಕೆಟ್ಟ ಹೊತ್ತು. ಮುಂಗಾರಲ್ಲಿ ನಮ್ಮ ಕಡೆ ಗಾಳಿ ಪಶ್ಚಿಮದಿಂದ ಬೀಸೋದ್ರಿಂದ ಘಟಕದ ಪೂರ್ವಕ್ಕಿರೋರಿಗೆ ಪೀಡೆ, ಮಳೆ ಹೋದ ಮೇಲೆ ಗಾಳಿ ತಿರುಗಿದಾಗ ಪಶ್ಚಿಮದವರ ಸರದಿ. ಹಾಗಾಗಿ ಒಂದು ನೋಟ್‌ಬುಕ್ ಇಡಿ. ತಾರೀಕು, ಗಂಟೆ, ಗಾಳಿ ಯಾವ ಕಡೆಯಿಂದ, ವಾಸನೆ ಯಾವ ಥರದ್ದು: ಮೊಟ್ಟೆಯದ್ದಾ, ಹುಳಿಯಾ, ಮೂತ್ರದ್ದಾ. ಹತ್ತು ಮನೆಯವರು ಒಂದು ತಿಂಗಳು ಬರೆದರೆ, ಬ್ಲೋವರ್ ಯಾವತ್ತು ನಿಂತಿತ್ತು, ರಾಶಿ ಯಾವ ಹೊತ್ತಲ್ಲಿ ತಿರುವಿದರು ಅನ್ನೋದು ಘಟಕದ ರಿಜಿಸ್ಟರ್ ಜೊತೆ ತಾಳೆ ಹಾಕಿ ಕೇಳಬಹುದು. ರಿಜಿಸ್ಟರ್ ಪ್ರತಿ ಮಾಹಿತಿ ಹಕ್ಕಿನಲ್ಲಿ ಕೇಳಿ. ರಾಶಿ ತಿರುವೋ ಕೆಲಸ ಮಧ್ಯಾಹ್ನ ಮಾಡಿ ಅಂತ ಹೇಳೋಕೆ ಅರ್ಜಿ ಕೂಡ ಬೇಕಿಲ್ಲ.

ಹುಣಸೂರಿನ ಕೊಳಚೆ ಪೂರ್ತಿ ಶುದ್ಧ ಆಗಿ ಹೊಳೆಗೆ ಬರೋ ದಿನ, ಅದನ್ನ ಅಳೆಯೋಕೆ ಮಂಡಳಿಯವರು ಬಾಟಲಿಯಲ್ಲಿ ನೀರು ತುಂಬ್ಕೊಂಡು ಹೋಗ್ತಾರೆ. ಬಿಒಡಿ ಪರೀಕ್ಷೆಗೆ ಮೂರರಿಂದ ಐದು ದಿನ ಬೇಕು. ಕಟ್ಟೆಮಳಲವಾಡಿಯಲ್ಲಿ ಕಟ್ಟೆ ಕೆಳಗೆ ಬಟ್ಟೆ ಒಗೆಯೋರಿಗೆ ಅಷ್ಟು ಹೊತ್ತು ಬೇಕಾಗಲ್ಲ.

ಮುಂದಿನ ವಾರ ಸಿಗೋಣ. ನಿಮ್ಮೂರಿನ ಘಟಕದ ಕಥೆ ಇದ್ದರೆ ದನಿ ಸಂದೇಶ ಕಳಿಸಿ.